ಬೆಂಕಿ ತೂಗಿದ ಗುರೂಜಿಗೆ

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳು: ನಿನ್ನ ಪಟ್ಟಶಿಷ್ಯ ನಿತಿನ್ ನನ್ನ ಕೈಗೆ ಸಿಕ್ಕ.

ಅವತ್ತು ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನಾಗಪುರಕ್ಕೆ ಬಂದು, ವರ್ಧಾ ರಸ್ತೆಯಲ್ಲಿ ಆಟೋ ಹಿಡಿದು ಅವ್ವನ ಮನೆಗೆ ಹೊರಟಿದ್ದೆ. ಮನೀಶ್ ನಗರದ ತಿರುವಿನಲ್ಲಿ ಒಂದು ಹೊಸ ಕಟ್ಟಡದ ಮುಖದ ತುಂಬ ಇವನ ಮುಖ. ಕೈಕಟ್ಟಿಕೊಂಡು ನಿಂತಿದ್ದಾನೆ, ಹಲ್ಲೆಲ್ಲ ಕಾಣುವ ನಗು, ಪಕ್ಕದಲ್ಲಿ ಆಳೆತ್ತರದ ಜ್ವಾಲೆ. ಮೇಲೆ ಹಿಂದಿಯಲ್ಲಿ ‘ಆಗ್ ಕಾ ವಜನ್? ಝೀರೋ!’ ಬೆಂಕಿಯ ತೂಕ ಸೊನ್ನೆಯಂತೆ! ಕೆಳಗೆ, ಅವನ ಕೋಚಿಂಗ್ ಕ್ಲಾಸಿನ ಹೊಸ ಶಾಖೆಯ ಉದ್ಘಾಟನೆ, ಪಾಲಕರಿಗೆ ಆಮಂತ್ರಣ, ನಿತಿನ್ ಸರ್ ಸ್ವತಃ ಡೆಮೊ ಪಾಠ ಮಾಡುತ್ತಾರೆ. ನಾನು ಆಟೋ ನಿಲ್ಲಿಸಿ ಇಳಿದು ನೋಡುತ್ತಲೇ ನಿಂತೆ. ಆಟೋದವನು, "ಮಗನನ್ನ ಸೇರಿಸ್ತೀರಾ ಮೇಡಂ?" ಎಂದು ಕೇಳಿದ. "ಇಲ್ಲ, ಮಾಸ್ತರನ್ನೇ ಸೇರಿಸೋದಿದೆ," ಎಂದೆ. ಪಾಪ, ಅವನು ಸುಮ್ಮನೆ ಮೀಟರ್ ನೋಡಿಕೊಂಡ. ನಿನ್ನನ್ನು ಊರ ತುಂಬ ನಗೆಪಾಟಲು ಮಾಡಿದ ಮಾತನ್ನೇ ಇವನು ತನ್ನ ಅಂಗಡಿಯ ಬೋರ್ಡು ಮಾಡಿಕೊಂಡಿದ್ದಾನಲ್ಲಪ್ಪಾ! ಅಲ್ಲೇ, ಆ ಬಿಸಿಲಿನಲ್ಲಿ, ಇವನನ್ನೂ ನಾಲ್ಕು ಜನರ ನಡುವೆ ನಿಲ್ಲಿಸಿ ನಗೆಗೀಡು ಮಾಡದಿದ್ದರೆ ನಾನು ನಿನ್ನ ಮಗಳೇ ಅಲ್ಲ ಎಂದು ಆಣೆ ಹಾಕಿಕೊಂಡೆ.

ನಾನು ಸಣ್ಣವಳಿದ್ದಾಗ ಅಡುಗೆಮನೆಯ ಗೂಟಕ್ಕೆ ನೀನು ಇತವಾರಿ ಬಜಾರಿನ ಹಿತ್ತಾಳೆ ತಕ್ಕಡಿ ತೂಗುಹಾಕಿದ್ದು ನಿನಗೆ ನೆನಪಿರಲೇಬೇಕು. ಒಂದು ತಟ್ಟೆಯಲ್ಲಿ ಸ್ಟೀಲ್ ವೂಲ್, ಅದೇ, ಪಾಲಿಶ್ ಮಾಡುವವರು ಉಜ್ಜಲು ಬಳಸುವ ಕೂದಲಿನಂಥ ಕಬ್ಬಿಣದ ಎಳೆಗಳ ಉಂಡೆ. ಇನ್ನೊಂದರಲ್ಲಿ ತೂಕದ ಬಟ್ಟುಗಳು. ಮುಳ್ಳು ಬರೋಬರ್ ನಡುವೆ. ನೀನು ಕಡ್ಡಿ ಗೀರಿ ಉಂಡೆಗೆ ಹಚ್ಚಿದೆ. ಎಳೆ ಎಳೆಯಲ್ಲೂ ಕೆಂಪು ಹರಿದಾಡಿತು, ಆಮೇಲೆ ಆ ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಉರಿದದ್ದು ಹಗುರ ಆಗಬೇಕಲ್ಲವೇ? ಭಾರವಾಗಿತ್ತು! "ನೋಡಿದ್ಯಾ ಶೈಲವ್ವಾ? ಬೆಂಕಿ ಒಳಗ ಹೊಕ್ತು. ಬೆಂಕಿಗೆ ತೂಕ ಐತಿ," ಎಂದೆ. "ಖರೇನ ಅಪ್ಪಾ?" ಎಂದರೆ, "ತಕ್ಕಡಿ ಎಂದರ ಸುಳ್ಳು ಹೇಳ್ತದೇನ? ಉಳಿದದ್ದು ನಾಳೆ," ಎಂದು ಎದ್ದುಬಿಟ್ಟೆ. ನಿನ್ನ ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. ನಾನು ಅವತ್ತು ಶಾಲೆಯಲ್ಲಿ ಸಿಕ್ಕವರಿಗೆಲ್ಲ ಬೆಂಕಿಯ ತೂಕದ ಸುದ್ದಿ ಹಂಚಿ ಬಂದೆ.

ಮರುದಿನ ನೀನು ಅವ್ವನ ಕಣ್ಣು ತಪ್ಪಿಸಿ ಉಪ್ಪಿನಕಾಯಿಯ ಗಾಜಿನ ಬರಣಿ ತಂದೆ. ಒಳಗೆ ಅದೇ ಕಬ್ಬಿಣದ ಉಂಡೆ, ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ಮೂಲಕ ಎರಡು ತಂತಿ. ಬರಣಿಯನ್ನೇ ತಕ್ಕಡಿಗೆ ಏರಿಸಿ ತೂಕ ಸರಿಮಾಡಿದೆ. ತಂತಿಗೆ ಬ್ಯಾಟರಿ ತಾಗಿಸಿದಾಗ ಒಳಗೆ ಕಬ್ಬಿಣ ಕೆಂಪಾಗಿ ಉರಿಯಿತು. ಬರಣಿ ತಣ್ಣಗಾದ ಮೇಲೆ ನೋಡಿದರೆ ಮುಳ್ಳು ಜಪ್ಪಯ್ಯ ಅಂದರೂ ಅಲುಗಿಲ್ಲ. ಬಿರಡೆ ತೆಗೆದೆ. ಸುಸ್ ಎಂದು ಸದ್ದಾಯಿತು, ಬಿರಡೆಯನ್ನೂ ತಟ್ಟೆಯಲ್ಲೇ ಇಟ್ಟೆ, ಈಗ ತಟ್ಟೆ ಇಳಿಯಿತು! "ಹೇಳು, ಒಳಗ ಹೊಕ್ಕಿದ್ದು ಯಾರು?" "ಗಾಳಿ!" "ಮತ್ತ ನಿನ್ನೆ ನಾ ಹೇಳಿದ್ದು?" "ಸುಳ್ಳು!" ನನಗಿಂತ ಹೆಚ್ಚು ನೀನೇ ನಕ್ಕೆ. ಕಬ್ಬಿಣ ಉರಿಯುವಾಗ ಗಾಳಿಯೊಳಗಿನ ಆಮ್ಲಜನಕ ಹಿಡಿದುಕೊಳ್ಳುತ್ತದೆ, ತೂಕ ಅದರದು, ಬೆಂಕಿಯದಲ್ಲ ಎಂದು ಅವತ್ತು ತಿಳಿದದ್ದು ಈ ಜನ್ಮಕ್ಕೆ ಮರೆಯುವುದಿಲ್ಲ.

"ಹಂಗಾದ್ರ ಬೆಂಕಿಗೆ ತೂಕ ಇಲ್ಲೇನ?" ಎಂದು ನಾನು ಕೇಳಿದಾಗ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ. "ಮದುವಿ ತೂಕ ಎಷ್ಟು ಅಂತ ಕೇಳ್ತಾರೇನು ಯಾರರ? ಮದುವಿಗೆ ಬಂದ ಮಂದಿಗೆ ತೂಕ ಐತಿ, ಅವರು ಉಂಡ ಅನ್ನಕ್ಕ ತೂಕ ಐತಿ. ಮದುವಿ ಅನ್ನೂದು ವಸ್ತು ಅಲ್ಲ, ನಡಿಯೂದು. ಬೆಂಕೀನೂ ಹಂಗ. ಆದರ ಜ್ವಾಲಿ ಅಂತ ಕಣ್ಣಿಗೆ ಕಾಣ್ತದಲ್ಲ, ಅದು ಬಿಸಿ ಗಾಳಿ, ಮಸಿ ಕಣ. ಅದಕ್ಕ ತೂಕ ಐತಿ. ಹಗುರ, ಆದರ ಐತಿ." ಪ್ರತಿ ವರ್ಷ ಪ್ರತಿ ತರಗತಿಗೆ ಈ ಒಂದು ಪಾಠವನ್ನು ನೀನು ಹೀಗೆಯೇ ಕಲಿಸಿದೆ. ಮೊದಲ ದಿನ ಕಣ್ಣು ಮಿಟುಕಿಸದೆ ಒಂದು ತಪ್ಪು ಹೇಳುವುದು, ಮಕ್ಕಳು ಅದನ್ನು ಮನೆಗೆ ಒಯ್ದು ರಾತ್ರಿಯೆಲ್ಲ ನಂಬಿ ಬರುವುದು, ಮರುದಿನ ಅವರ ಕೈಯಿಂದಲೇ ಅದನ್ನು ಕೆಡವಿಸುವುದು. ತಾನು ಒಂದು ದಿನ ನಂಬಿದ ತಪ್ಪನ್ನು ಯಾರೂ ಮರೆಯುವುದಿಲ್ಲ ಎನ್ನುವುದು ನಿನ್ನ ವಾದ. ಅದಕ್ಕೆ ಮೊದಲ ದಿನ ಎಳ್ಳಷ್ಟೂ ಸುಳಿವು ಕೊಡುತ್ತಿರಲಿಲ್ಲ.

ನಿತಿನ್ ಮೊದಲ ಸಲ ನಮ್ಮ ಮನೆಗೆ ಬಂದದ್ದು ಎಳ್ಳಮಾವಾಸ್ಯೆಯ ದಿನ. ರೈಲ್ವೆ ಕ್ವಾರ್ಟರ್ಸಿನ ಮರಾಠಿ ಮನೆಯ ಹುಡುಗ, ಜೋಳದ ಕಡುಬು ಕಂಡು ಇದೇನು ಎಂದು ಕೇಳಿ, ಆಮೇಲೆ ತಟ್ಟೆ ಖಾಲಿ ಮಾಡಿ ಮತ್ತೆ ಕೇಳಿದ. ಅವ್ವನಿಗೆ ಕೂಸು ಸಿಕ್ಕಷ್ಟು ಖುಷಿ. "ಈ ಹುಡುಗನ ತಲಿ ಭಾಳ ಚುರುಕು," ಎಂದು ನೀನು ನಮ್ಮೆದುರು ಹೊಗಳಿದ್ದೇ ಹೊಗಳಿದ್ದು. ನನಗೆ ಆಗಲೇ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಹತ್ತನೇ ತರಗತಿ ಮುಗಿಸಿ ಹೋದವನು ದೊಡ್ಡ ಕೋಚಿಂಗ್ ಸರ್ ಆಗಿ ಪೇಪರಿನಲ್ಲಿ ಬಂದಾಗ ನೀನು ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಅದರ ಗೋಂದಿನ ಕಲೆ ಇನ್ನೂ ಹೋಗಿಲ್ಲ, ನಾನು ಎಷ್ಟು ಕೆರೆದರೂ.

ಶಾಲೆಯ ವಿಜ್ಞಾನ ಪ್ರದರ್ಶನದ ಬೆಳಿಗ್ಗೆ ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿ ಕನ್ನಡಿಯ ಮುಂದೆ ಎರಡು ಸಲ ನಿಂತಿದ್ದು ನಾನು ನೋಡಿದ್ದೇನೆ. ಮುಖ್ಯ ಅತಿಥಿ ನಿನ್ನ ಹುಡುಗ ಎಂಬ ಗತ್ತು. ಪ್ರದರ್ಶನ ಎರಡು ದಿನದ್ದು, ಹಾಗಾಗಿ ನಿನ್ನ ಎರಡು ದಿನದ ಪಾಠಕ್ಕೂ ಸರಿಹೋಯಿತು. ಪಾಲಕರು, ಮಕ್ಕಳು ಎಲ್ಲ ಸೇರಿದ್ದರು. ಮುಂದಿನ ಸಾಲಿನಲ್ಲಿ ನಿತಿನ್ ಕೂತು ಫೋನ್ ಎತ್ತಿ ವಿಡಿಯೋ ಮಾಡತೊಡಗಿದ. ಅವನಿಗೆ ಸರಿಯಾಗಿ ಕಾಣಲಿ ಎಂದು ನೀನು ತಕ್ಕಡಿಯನ್ನು ಅವನ ಕಡೆಗೆ ತಿರುಗಿಸಿ ಇಟ್ಟೆ. ಅಯ್ಯೋ ಅಪ್ಪಾ... ನಿನ್ನ ಕೈಯಾರೆ! ಕಬ್ಬಿಣ ಉರಿಯಿತು, ತಟ್ಟೆ ಇಳಿಯಿತು, "ಆಗ್ ಮೇ ವಜನ್ ಹೈ!" ಬೆಂಕಿಗೆ ತೂಕ ಇದೆ ಎಂದು ನೀನು ಗಟ್ಟಿಯಾಗಿ ಸಾರಿದೆ. ಚಪ್ಪಾಳೆ ಬಿತ್ತು. "ಬಾಕೀ ಕಲ್," ಉಳಿದದ್ದು ನಾಳೆ, ಎಂದು ತಕ್ಕಡಿಗೆ ಬಟ್ಟೆ ಹೊದಿಸಿದೆ.

ಮರುದಿನ ಬೆಳಿಗ್ಗೆ ಹಾಲಿನವನು ಬರುವ ಮುಂಚೆ ವಿಡಿಯೋ ಬಂದಿತ್ತು. ‘ಬಾಕೀ ಕಲ್’ ಕತ್ತರಿಸಿ ಹೋಗಿತ್ತು. ‘ಆಗ್ ಮೇ ವಜನ್ ಹೈ’ ಎನ್ನುವುದನ್ನು ಮೂರು ಸಲ ತಿರುಗಿಸಿ ಹಾಕಿ, ಕೆಳಗೆ ನಗುವ ಮುಖಗಳ ಸಾಲು ಇಟ್ಟು, ‘ನಮ್ಮ ಆಗ್‌ತೋಲ್ ಗುರೂಜಿ, ಇವತ್ತಿಗೂ ಬೆಂಕಿ ತೂಗುತ್ತಿದ್ದಾರೆ’ ಎಂದು, ಬೆಂಕಿ ತೂಗುವವ ಎಂಬ ಅಡ್ಡಹೆಸರನ್ನೇ ಇಟ್ಟು, ನಿತಿನ್ ಬರೆದಿದ್ದ. ಸಂಜೆಯೊಳಗೆ ನಾಗಪುರದ ಪಾಲಕರ ಗ್ರೂಪುಗಳೆಲ್ಲ ತುಂಬಿಹೋದವು. ನನ್ನ ಪ್ಲಾಂಟಿನ ಗ್ರೂಪಿಗೂ ಬಂತು, ನಿನ್ನ ಮಗಳು ನಾನೆಂದು ತಿಳಿಯದವರೊಬ್ಬರು ಕಳಿಸಿದ್ದರು. ಎರಡನೇ ದಿನದ ನಿನ್ನ ಪಾಠವನ್ನು ಶಾಲೆಯವರು ರದ್ದು ಮಾಡಿದರು. ಬರಣಿ ತೆಗೆದುಕೊಂಡು ಹೋದವನು ಹಾಗೇ ಎದೆಗವಚಿಕೊಂಡು ವಾಪಸ್ ಬಂದೆ. ಉಂಡ ಮನೆಯ ಜಂತಿ ಎಣಿಸುವುದು ಎಂದು ಅವ್ವ ಆಗಾಗ ಅನ್ನುವುದು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ.

ಮುಖ್ಯೋಪಾಧ್ಯಾಯಿನಿ ನಿನ್ನನ್ನು ಕರೆದ ದಿನ ನಾನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಒಂದು ಸಾಲು ಹೇಳಿಬಿಡಿ ಗುರೂಜಿ, ಬೆಂಕಿಗೆ ದ್ರವ್ಯರಾಶಿ ಇಲ್ಲ, ನಾನು ತಪ್ಪಿದೆ ಎಂದು, ಪಾಲಕರ ಬಾಯಿ ಮುಚ್ಚುತ್ತದೆ ಎಂದು ಅವರು ಒಳ್ಳೆಯ ಮಾತಿನಲ್ಲೇ ಕೇಳಿದರು. ನೀನು, "ಅದೂ ತಪ್ಪು," ಎಂದೆ. ಒಂದು ಅರ್ಧ ತಪ್ಪನ್ನು ಇನ್ನೊಂದು ಅರ್ಧ ತಪ್ಪು ಹೇಳಿ ಮುಚ್ಚುವುದಿಲ್ಲ, ಬೇಕಾದರೆ ಪೂರ್ತಿ ಪಾಠ ಮಾಡುತ್ತೇನೆ ಎಂದೆ. ಪೂರ್ತಿ ಪಾಠ ಕೇಳುವ ಪುರಸೊತ್ತು ಯಾರಿಗಿತ್ತು? ಹತ್ತನೇ ತರಗತಿಯನ್ನು ನಿನ್ನಿಂದ ತೆಗೆದು ಗ್ರಂಥಾಲಯದ ಬೀಗದ ಕೈ ಕೊಟ್ಟರು. ಮಕ್ಕಳು ಕಾರಿಡಾರಿನಲ್ಲಿ ಹಿಂದಿನಿಂದ ‘ಆಗ್‌ತೋಲ್’ ಎಂದು ಕೂಗಿ ಓಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಿತಿನ್‌ಗೆ ಒಂದು ಫೋನ್ ಮಾಡಿ ಕೇಳು ಎಂದು ನಾನು ಜಗಳಕ್ಕೆ ಬಂದ ಭಾನುವಾರ ನೀನು ಹೇಳಿದ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. "ಏನಂತ ಕೇಳ್ಲಿ? ಅವಗ ಗೊತ್ತೈತಿ. ಎರಡನೇ ದಿನದ್ದೂ ನನ್ನ ಕಡೇನ ಕಲ್ತಾನ. ಗೊತ್ತಿದ್ದೂ ಮಾಡ್ಯಾನ ಅಂದಮ್ಯಾಗ ಕೇಳೂದೇನೈತಿ?" ಅಷ್ಟೇ. ಆಮೇಲೆ ಅವನ ಹೆಸರನ್ನೇ ಎತ್ತಲಿಲ್ಲ. ಗುರುವಿಗೇ ತಿರುಮಂತ್ರ ಹಾಕಿದವನ ಮೇಲೆ ಒಂದು ಬೈಗುಳವೂ ನಿನ್ನ ಬಾಯಿಂದ ಬರಲಿಲ್ಲ, ಅದೇ ನಿನ್ನನ್ನು ತಿಂದುಹಾಕಿತು. ಮಳೆಗಾಲ ಮುಗಿಯುವುದರೊಳಗೆ ನೀನೇ ಇರಲಿಲ್ಲ. ಡಾಕ್ಟರು ಹೃದಯ ಎಂದರು. ನಾನು ನಿತಿನ್ ಎಂದೆ.

ಪ್ಲಾಂಟಿನಲ್ಲಿ ಬಾಯ್ಲರಿನ ನೋಡುಗಿಂಡಿಯ ಮುಂದೆ ಕಪ್ಪು ಗಾಜು ಹಿಡಿದು ನಿಂತಾಗಲೆಲ್ಲ ನಿನ್ನ ಜೊತೆ ಮಾತಾಡುತ್ತೇನೆ, ನಿನಗೆ ಕೇಳಿಸಿರಬಹುದು. ನನ್ನ ಕೆಲಸವೇ ಬೆಂಕಿ ಕಾಯುವುದು ತಾನೇ? ಒಳಗೆ ಮನೆಯಷ್ಟೆತ್ತರ ಜ್ವಾಲೆ ತಿರುಗುತ್ತಿರುತ್ತದೆ. ಹಾಕಿದ ಕಲ್ಲಿದ್ದಲಿಗಿಂತ ಚಿಮಣಿಯಿಂದ ಹೋಗುವ ಗಾಳಿಯ ತೂಕವೇ ಹೆಚ್ಚು ಎಂದು ಹೊಸದಾಗಿ ಬಂದ ಇಂಜಿನಿಯರುಗಳಿಗೆ ಹೇಳಿದರೆ ನಂಬುವುದಿಲ್ಲ. ನಾನು ನಿನ್ನ ಬರಣಿಯ ಕತೆ ಹೇಳಿ ನಂಬಿಸುತ್ತೇನೆ. ಆದರೆ ಖರೆ ಹೇಳಲಾ? ಆ ಗಿಂಡಿಯ ಮುಂದೆ ನಿಂತು ನಾನು ಹೆಚ್ಚು ಯೋಚಿಸಿದ್ದು ಕಲ್ಲಿದ್ದಲನ್ನಲ್ಲ. ನಿತಿನ್ ಎಲ್ಲರೆದುರು ತಡವರಿಸುವುದನ್ನು, ಅವನ ಹಣೆ ಬೆವರುವುದನ್ನು, ಪಾಲಕರು ನಗುವುದನ್ನು. ಎಷ್ಟು ಸಲ ಕಣ್ಣಮುಂದೆ ಆಡಿಸಿ ನೋಡಿದೆನೋ... ಪ್ರತಿ ಸಲವೂ ಸಿಹಿಯಾಗಿಯೇ ಇತ್ತು.

ಹೋರ್ಡಿಂಗ್ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಸತ್ತವರ ಸಲುವಾಗಿ ಬದುಕಿದವರ ಕೂಡ ಜಗಳ ಎದಕ? ಆರಿದ ಬೂದಿ ಕೆದಕಬ್ಯಾಡ," ಎಂದಳು. "ಆರಿಲ್ಲವ್ವಾ, ನನಗ ಆರಿಲ್ಲ," ಎಂದೆ. ಒಂದೆರಡು ರೊಟ್ಟಿ ಬೆಂದ ಮೇಲೆ, "ಹೋಗೂದಾದ್ರ ನಾನೂ ಬರ್ತೀನಿ. ಒಬ್ಬಾಕಿನ ಹೋದ್ರ ನೀ ಏನರ ಎತ್ತಿ ಒಗೀತಿ," ಎಂದಳು. ನಿನ್ನ ಹೆಂಡತಿ ನನ್ನನ್ನು ಚೆನ್ನಾಗಿ ಬಲ್ಲಳು.

ಉದ್ಘಾಟನೆಯ ಮಧ್ಯಾಹ್ನ ಇಲಕಲ್ ಸೀರೆ ಉಟ್ಟು ಅವ್ವ ಮುಂದಿನ ಸಾಲಿನಲ್ಲೇ ಕೂತಳು. ನಿತಿನ್ ಒಳಗೆ ಬಂದವನು ಅವಳನ್ನು ಕಂಡು ಕ್ಷಣ ನಿಂತ. ಆಮೇಲೆ ನೇರ ಬಂದು, "ಕಾಕೂ, ತುಮ್ಹೀ?" ಚಿಕ್ಕಮ್ಮಾ, ನೀವಾ, ಎಂದು ಕಾಲು ಮುಟ್ಟಿದ. ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು! ನಾನು ಹಲ್ಲು ಕಚ್ಚಿ ಅವಳನ್ನು ನೋಡಿದರೆ, "ಕಾಲು ಮುಟ್ಟಿದವಗ ಮತ್ತೇನು ಮಾಡ್ಲಿ, ಒದೀಲೇನು?" ಎಂದು ಪಿಸುಗುಟ್ಟಿದಳು. ನನ್ನ ಫೋನನ್ನು ಅವಳ ಚೀಲಕ್ಕೆ ಆನಿಸಿ, ವಿಡಿಯೋ ಚಾಲೂ ಮಾಡಿ, ಅಲುಗಾಡಿಸಬೇಡ ಎಂದು ಹೇಳಿದೆ. ಹೌದು, ಅದನ್ನು ನಾನು ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ಅವನು ಮಾಡಿದ್ದನ್ನೇ ಅವನಿಗೆ ಮಾಡಬೇಕಿತ್ತು.

ಅವನು ಮೇಜಿನ ಮೇಲೆ ಮೇಣದಬತ್ತಿ ಹಚ್ಚಿದ ಕೂಡಲೇ ನನಗೆ ಅವನ ಪಾಠ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಿತು. ಕೆಲವು ಮಾಸ್ತರರು ಬೆಂಕಿ ತೂಗುತ್ತಾರೆ, ಹಹ್ಹಾ, ಆದರೆ ಬೆಂಕಿ ಬರೀ ಶಕ್ತಿ, ಅದಕ್ಕೆ ದ್ರವ್ಯರಾಶಿ ಸೊನ್ನೆ, ಹೇಳಿ ಎಲ್ಲರೂ! ಎಂದ. ಸಭಾಂಗಣದ ಮಕ್ಕಳೆಲ್ಲ "ಝೀರೋ!" ಎಂದು ಕೂಗಿದರು. ನಾನು ಎದ್ದೆ. ಹಿಂದಿಯಲ್ಲೇ, ಬಹಳ ವಿನಯದಿಂದ, "ಸರ್, ಈ ಝೀರೋ ಮೇಲಕ್ಕೇ ಯಾಕೆ ಹೋಗ್ತಿದೆ?" ಎಂದು ಕೇಳಿದೆ. ಬಿಸಿಯಾದದ್ದು ಮೇಲೆ ಹೋಗುತ್ತದೆ ಎಂದ. "ಏನು ಬಿಸಿಯಾದದ್ದು?" ಎಂದೆ. ಅವನು ಗಾಳಿ ಎನ್ನುವವನಿದ್ದ, ಬಾಯಿ ತೆರೆದು ಮುಚ್ಚಿದ. ಗಾಳಿ ಎಂದರೆ ತೂಕ ಒಪ್ಪಿದಂತೆ ಎಂದು ಆ ಚುರುಕು ತಲೆಗೆ ಹೊಳೆದಿತ್ತು.

ನಾನು ಕಿಟಕಿಯ ಪರದೆ ಸರಿಸಿದಾಗ ನಮ್ಮ ನಾಗಪುರದ ಏಪ್ರಿಲ್ ಬಿಸಿಲು ಸಭಾಂಗಣಕ್ಕೆ ನುಗ್ಗಿತು. ಅವನ ಮೇಣದಬತ್ತಿಯನ್ನೇ ಎತ್ತಿ ಆ ಬಿಸಿಲಿಗೆ ಹಿಡಿದು, ಹಿಂದೆ ಬಿಳಿ ರಟ್ಟು ಇಟ್ಟೆ. ರಟ್ಟಿನ ಮೇಲೆ ಬತ್ತಿಯ ನೆರಳು ಬಿತ್ತು, ಅದರ ಮೇಲೆ ಮಸುಕಾಗಿ ಅಲುಗುವ ಇನ್ನೊಂದು ನೆರಳು. "ಇದು ಬೆಂಕಿಯ ನೆರಳು. ಏನೂ ಅಲ್ಲದ್ದಕ್ಕೆ ನೆರಳು ಬೀಳ್ತದಾ ಸರ್?" ಎಂದೆ. ಹಳದಿಯಾಗಿ ಹೊಳೆಯುವುದು ಕಾದ ಮಸಿಯ ಕಣ, ಅದಕ್ಕೆ ತೂಕವಿದೆ. ಉಳಿದದ್ದು ಬಿಸಿ ಅನಿಲ, ಅದಕ್ಕೂ ಇದೆ. ಸುತ್ತಲಿನ ತಣ್ಣನೆಯ ಗಾಳಿಗಿಂತ ಬಹಳ ಹಗುರ, ಅದಕ್ಕೇ ಆ ಗಾಳಿ ಇದನ್ನು ಮೇಲಕ್ಕೆ ನೂಕುತ್ತದೆ. ತೂಕವೇ ಇಲ್ಲದಂಥ ಕಡೆ, ಆಕಾಶ ನೌಕೆಯಲ್ಲಿ, ಇದೇ ಜ್ವಾಲೆ ಮೇಲೆ ಕೆಳಗೆ ತಿಳಿಯದೆ ಗುಂಡಗೆ ನಿಲ್ಲುತ್ತದೆ. ಹಗುರ ಬೇರೆ, ಸೊನ್ನೆ ಬೇರೆ ಅಲ್ಲವಾ ಸರ್? ಅವನು ಏನೋ ಹೇಳಲು ಹೋದ. ಹಿಂದಿನ ಸಾಲಿನ ಒಬ್ಬ ತಾಯಿ, "ಹಾಗಾದರೆ ಹೊರಗಿನ ಬೋರ್ಡು?" ಎಂದು ಜೋರಾಗಿಯೇ ಕೇಳಿಬಿಟ್ಟಳು. ನಗು ಎದ್ದಿತು. ಅಪ್ಪಾ, ಆ ನಗು! ಅವನ ಹಣೆ ಬೆವರಿತು, ಥೇಟ್ ನಾನು ಅಂದುಕೊಂಡ ಹಾಗೆ. ನನಗೆ ಪಾಪ ಅನ್ನಿಸಲಿಲ್ಲ. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಜನರನ್ನು ಚಹಾಕ್ಕೆ ಕಳಿಸಿ ಅವನು ನಮ್ಮನ್ನು ತನ್ನ ಕ್ಯಾಬಿನ್ನಿಗೆ ಕರೆದ. ಕೂರಿ ಎನ್ನುವ ಮುಂಚೆ ನಾನು ಶುರು ಮಾಡಿದೆ. ನೀನು ಕೂತು ಹೋದ ಗ್ರಂಥಾಲಯ, ಕಾರಿಡಾರಿನ ಕೂಗು, ಎದೆಗವಚಿದ ಬರಣಿ, ಒಂದೂ ಬಿಡಲಿಲ್ಲ. "ನಿನ್ನ ವಿಡಿಯೋ ಈಗ ನನ್ನ ಹತ್ತಿರ ಇದೆ, ಎಲ್ಲಿ ಕತ್ತರಿಸಬೇಕು ಅಂತ ನಿನ್ನಿಂದಲೇ ಕಲಿತಿದ್ದೇನೆ," ಎಂದು ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅಷ್ಟರಲ್ಲಿ ಅವ್ವ ತನ್ನ ಹರಕು ಮರಾಠಿಯಲ್ಲಿ, ಮಕ್ಕಳನ್ನು ಕೇಳುವ ಹಾಗೆ, "ಅಲ್ಲೋ ನಿತಿನ್, ಎರಡನೇ ದಿನ ಗುರೂಜಿ ಏನು ಕಲಿಸಿದ್ರು, ಅದು ಯಾಕ ಹೇಳ್ಲಿಲ್ಲ ನೀ?" ಎಂದಳು. ಅವನು ತಲೆ ಎತ್ತಿ, "ಯಾವ ಎರಡನೇ ದಿನ ಕಾಕೂ?" ಎಂದ.

ಆ ಮುಖವನ್ನು ನೀನು ನೋಡಬೇಕಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವವನ ಮುಖವಲ್ಲ ಅದು. ಅವನಿಗೆ ಖರೇನೇ ಗೊತ್ತಿರಲಿಲ್ಲ. ಹಿಂದಿಯಲ್ಲಿ ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ನೀನು ಅವನ ತರಗತಿಯಲ್ಲಿ ಬೆಂಕಿ ತೂಗಿದ ಸಂಜೆ ಅವನ ಅಜ್ಜಿ ಅಮರಾವತಿಯಲ್ಲಿ ತೀರಿಕೊಂಡಳಂತೆ. ಅಪ್ಪ ಅಮ್ಮನ ಜೊತೆ ಹೋದವನು ತಿಥಿ ಮುಗಿಸಿ ಬರುವಷ್ಟರಲ್ಲಿ ನೀನು ಮುಂದಿನ ಅಧ್ಯಾಯಕ್ಕೆ ಹೋಗಿದ್ದೆ. ಬೆಂಕಿಗೆ ತೂಕವಿದೆ, ನಮ್ಮ ಗುರೂಜಿ ಕಣ್ಣೆದುರೇ ತೂಗಿದ್ದಾರೆ ಎಂದು ಅವನು ಎದೆಯಲ್ಲಿಟ್ಟುಕೊಂಡ. ಇಂಜಿನಿಯರಿಂಗ್ ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಹೆಮ್ಮೆಯಿಂದ ಅದನ್ನೇ ಹೇಳಿದ. ಪರೀಕ್ಷಕರು ಪಕ್ಕದ ಕೋಣೆಯವರನ್ನೂ ಕರೆಸಿ, ಇನ್ನೊಮ್ಮೆ ಹೇಳು ಎಂದು ಹೇಳಿಸಿ ನಕ್ಕರಂತೆ. ಹಾಸ್ಟೆಲಿನಲ್ಲಿ ಆ ನಾಲ್ಕೂ ವರ್ಷ ಅವನ ಹೆಸರು ‘ಆಗ್‌ತೋಲ್’. ನಿನಗೆ ಅಂಟಿಸಿದ ಹೆಸರು ಮೊದಲು ಅವನದೇ ಆಗಿತ್ತು ಅಪ್ಪಾ! ಪ್ರದರ್ಶನದಲ್ಲಿ ನೀನು ಮತ್ತೆ ಅದೇ ತಕ್ಕಡಿ ಹಿಡಿದು ಅದೇ ಮಾತು ಹೇಳಿದಾಗ ಅವನಿಗೆ ತಲೆ ಕೆಟ್ಟಿತಂತೆ. ಈ ಮನುಷ್ಯ ಇನ್ನೂ ಎಷ್ಟು ಮಕ್ಕಳನ್ನು ಹೀಗೆ ನಗೆಗೀಡು ಮಾಡುತ್ತಾನೆ ಎಂದು ವಿಡಿಯೋ ಹಾಕಿದೆ ಎಂದ. "ಮತ್ತೆ ಬಾಕೀ ಕಲ್ ಯಾಕೆ ಕತ್ತರಿಸ್ದೆ?" ಎಂದರೆ, "ಗುರೂಜಿ ದಿನಾ ಗಂಟೆ ಹೊಡೆದಾಗ ಅದನ್ನೇ ಅಂತಿದ್ರು ದೀದಿ. ಅದು ಅವರ ಅಭ್ಯಾಸ ಅಂದ್ಕೊಂಡಿದ್ದೆ," ಎಂದು ಅತ್ತ.

ಅವನ ಕಣ್ಣೀರು ಕಂಡು ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಸೇಡನ್ನು ಅರ್ಧ ತಟ್ಟೆಯಲ್ಲೇ ಕಸಿದುಕೊಂಡನಲ್ಲ ಎಂದು. ಅವನು ಮಾಡಿದ್ದೂ ಸೇಡೇ ತಾನೇ? ಆಮೇಲೆ ಬಸ್ಸಿನಲ್ಲಿ ಕೋರಾಡಿಗೆ ಬರುವಾಗ ಸಿಟ್ಟು ನಿನ್ನ ಕಡೆಗೆ ತಿರುಗಿತು. ಹೌದು, ನಿನ್ನ ಮೇಲೆ! ಮರುದಿನ ಬಾರದ ಮಕ್ಕಳ ಗತಿ ಏನು ಎಂದು ನೀನು ಒಂದು ದಿನವಾದರೂ ಯೋಚಿಸಿದ್ದೆಯಾ? ಜ್ವರ ಬಂದವರು, ಮದುವೆಗೆ ಹೋದವರು, ಸಾವಿನ ಮನೆಗೆ ಹೋದವರು? ತಪ್ಪನ್ನು ಅಷ್ಟು ಚೆಂದ ನಂಬಿಸುತ್ತಿದ್ದೆಯಲ್ಲ, ಕೆಡವುವ ದಿನ ಎಲ್ಲರೂ ಬಂದಿದ್ದಾರೋ ಇಲ್ಲವೋ ಎಂದು ಒಮ್ಮೆ ತಲೆ ಎತ್ತಿ ನೋಡಬಾರದಿತ್ತೇ? ನಿನ್ನ ಅರ್ಧ ಪಾಠ ಹೊತ್ತು ಈ ಊರಲ್ಲಿ ಇನ್ನೂ ಎಷ್ಟು ಜನ ಓಡಾಡುತ್ತಿದ್ದಾರೋ... ನಾನು ಯಾರ ಜೊತೆ ಜಗಳ ಆಡಲಿ ಈಗ?

ನೀನು ಕೊನೆಯವರೆಗೆ, ಅವಗ ಗೊತ್ತೈತಿ, ಗೊತ್ತಿದ್ದೂ ಮಾಡ್ಯಾನ ಎಂದುಕೊಂಡೇ ಹೋದೆ. ಗೊತ್ತಿರಲಿಲ್ಲ ಅಪ್ಪಾ. ನಿನ್ನ ಹುಡುಗ ನಿನ್ನ ಪಾಠವನ್ನು ಮಾರಿಕೊಳ್ಳಲಿಲ್ಲ, ಅವನಿಗೆ ಅದು ಸಿಕ್ಕೇ ಇರಲಿಲ್ಲ. ಇದನ್ನು ನಿನಗೆ ತಿಳಿಸಲು ನನಗೆ ಸುತರಾಂ ಮನಸ್ಸಿರಲಿಲ್ಲ, ತಿಳಿಸಿದರೆ ನೀನು ಅವನನ್ನು ಅಲ್ಲಿಂದಲೇ ಕ್ಷಮಿಸುತ್ತೀ ಎಂದು ಗೊತ್ತು. ಕ್ಷಮಿಸು, ಅದು ನಿನ್ನ ಇಷ್ಟ. ನಾನಿನ್ನೂ ಕ್ಷಮಿಸಿಲ್ಲ. ಗೊತ್ತಿಲ್ಲದೆ ನಗೆಗೀಡಾದವನು ಇನ್ನೊಬ್ಬರನ್ನು ನಗೆಗೀಡು ಮಾಡುವ ಮುಂಚೆ ಒಂದು ಮಾತು ಬಂದು ಕೇಳಬಹುದಿತ್ತು. ಮನೆ ಗೊತ್ತಿತ್ತು, ಅವ್ವನ ಕಡುಬಿನ ರುಚಿ ಗೊತ್ತಿತ್ತು.

"ವಿಡಿಯೋ ಅಳಿಸ್ತೀರಾ ದೀದಿ?" ಎಂದು ಅವನು ಬಾಗಿಲವರೆಗೂ ಬಂದು ಕೇಳಿದಾಗ ನಾನು ಇಲ್ಲ ಎಂದೆ. ಅಳಿಸುವುದಿಲ್ಲ, ಸದ್ಯ ಎಲ್ಲಿಗೂ ಕಳಿಸುವುದೂ ಇಲ್ಲ, ನಾನು ಹೇಳಿದ ಹಾಗೆ ಕೇಳಿದರೆ. ಮೊದಲು ಆ ಹೋರ್ಡಿಂಗ್ ಇಳಿಯಬೇಕು. ಬರುವ ಭಾನುವಾರ ಅದೇ ಸಭಾಂಗಣದಲ್ಲಿ, ಅದೇ ಪಾಲಕರ ಮುಂದೆ, ನಿನ್ನ ಎರಡನೇ ದಿನದ ಪಾಠವನ್ನು ನಾನು ಮಾಡುತ್ತೇನೆ. ಅವನು ವೇದಿಕೆಯ ಮೇಲೆ ಬರಕೂಡದು, ಮಕ್ಕಳ ಜೊತೆ ಮೊದಲ ಬೆಂಚಿನಲ್ಲಿ ಕೂರಬೇಕು. ಒಂದು ಕ್ಷಣವೂ ಕತ್ತರಿಸದೆ ಅದನ್ನು ನಿನ್ನ ಹೆಸರಿನಲ್ಲಿ ತನ್ನ ಚಾನೆಲಿಗೆ ಅವನೇ ಹಾಕಬೇಕು. ಎಲ್ಲಕ್ಕೂ ಹೂಂ ಎಂದಿದ್ದಾನೆ. ನಿನ್ನೆ ಅವ್ವ ಮನೀಶ್ ನಗರದ ಕಡೆ ಹೋದವಳು ಫೋನ್ ಮಾಡಿ, "ಬೋರ್ಡ್ ಇಳಿಸ್ಯಾರ, ಗ್ವಾಡಿ ಬೋಳಾಗಿ ಕಾಣ್ತದ," ಎಂದಳು.

ಭಾನುವಾರ ಅಲ್ಲಿ ಪಾಠ ಶುರುವಾಗುವ ಮುಂಚೆ, ಎರಡನೇ ದಿನ ನೀನು ಎಂದೂ ಮಾಡದ ಒಂದು ಕೆಲಸ ಮಾಡುತ್ತೇನೆ ಅಪ್ಪಾ. ಹಾಜರಿ ಕರೆಯುತ್ತೇನೆ. ಮೊದಲ ಹೆಸರು ಅವನದು. ಅಷ್ಟೂ ಪಾಲಕರ ನಡುವೆ ಅವನು ಎದ್ದು ನಿಂತು, "ಪ್ರೆಸೆಂಟ್, ಗುರೂಜಿ," ಎಂದು ಗಟ್ಟಿಯಾಗಿ ಹೇಳುವವರೆಗೆ ನಾನು ಬ್ಯಾಟರಿಗೆ ತಂತಿ ತಾಗಿಸುವುದಿಲ್ಲ.

ನಿನ್ನ,
ಶೈಲಾ